ತಬ್ಬಲಿ ಬೆಕ್ಕಿನ ಮರಿಗೆ ಲಸಿಕೆ

ತಾಯಿ ಸತ್ತ ಬೆಕ್ಕಿನ ಮರಿಯನ್ನು ಮನೆಗೆ ತಂದಾಗ ನಾವು ಅದರ ಹೊಟ್ಟೆಯ ಚಿಂತೆ ಮಾಡುತ್ತೇವೆ, ರೋಗದ ಚಿಂತೆ ಮರೆಯುತ್ತೇವೆ.

ಹೆತ್ತ ಮೊದಲ ದಿನದ ಗಿಣ್ಣುಹಾಲಿನಲ್ಲಿ ರೋಗನಿರೋಧಕ ವಸ್ತುಗಳಿರುತ್ತವೆ. ದಿನ ಕಳೆದರೆ ಮರಿಯ ಕರುಳು ಅವನ್ನು ಹೀರಿಕೊಳ್ಳಲಾರದು. ಆ ಹಾಲು ಸಿಗದ ಮರಿಗೆ ತಾಯಿಯ ರಕ್ಷಣೆಯೇ ಇಲ್ಲ. ಹಾಗಾದರೆ ಕೂಡಲೇ ಲಸಿಕೆ ಹಾಕಿಸೋಣವೇ? ಕೂಡದು. ನಾಲ್ಕು ವಾರ ತುಂಬದ ಮರಿಗೆ ಸಜೀವ ಲಸಿಕೆಯಿಂದ ಕಿರುಮೆದುಳಿಗೆ ಹಾನಿಯಾಗಬಹುದು. ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಮೊದಲ ಚುಚ್ಚುಮದ್ದು. ಅನಂತರ 3-4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಮಾರಕ ವಾಂತಿಭೇದಿ ತರುವ ಒಂದು ವೈರಸ್, ನೆಗಡಿ ತರುವ ಎರಡು ವೈರಸ್‌ಗಳಿಗೆ ಇದು ತಡೆ.

ಇಷ್ಟು ಸಲ ಏಕೆ? ಗಿಣ್ಣುಹಾಲು ಕುಡಿದ ಮರಿಯಲ್ಲಿ ತಾಯಿಯಿಂದ ಬಂದ ರಕ್ಷಣೆಯೇ ಲಸಿಕೆಯನ್ನು ನಿಷ್ಫಲಗೊಳಿಸುತ್ತದೆ. ಅದು ಎಂದು ಇಳಿಯಿತೆಂದು ನೋಡಿ ತಿಳಿಯದು. ತಬ್ಬಲಿ ಮರಿ ಕುಡಿದಿತ್ತೋ ಇಲ್ಲವೋ, ಕಂಡವರಾರು?

ರೇಬೀಸ್ ಲಸಿಕೆ ಸಾಮಾನ್ಯವಾಗಿ 12 ವಾರಕ್ಕೆ. ಅದಕ್ಕೆ ಮೊದಲೇ ಮರಿ ನಮ್ಮನ್ನು ಕಚ್ಚೀತು, ಪರಚೀತು. ಬೈಗುಳಕ್ಕೆ ಹೆದರಿ ನಾವು ಗಾಯ ಮುಚ್ಚಿಡುವುದುಂಟು. ಮುಚ್ಚಿಡದೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಹಿರಿಯರೊಡನೆ ಆಸ್ಪತ್ರೆಗೆ ಹೋಗಬೇಕು.