ಕೇಕ್ ಟಿನ್ ಕೊಳ್ಳುವ ಮುನ್ನ



ಹುಟ್ಟುಹಬ್ಬ, ಮದುವೆ, ಕ್ರಿಸ್ಮಸ್ ಎಂದು ನಮ್ಮ ನಾವುಂದದ ಆಸುಪಾಸಿನಲ್ಲೂ ಈಗ ಕೇಕ್ ಬೇಕಾಗುತ್ತದೆ. ಸಂಘದಿಂದ ಸಾಲ ತೆಗೆದು ಈ ಕೆಲಸಕ್ಕೆ ಇಳಿಯುವವರು ಓವನ್ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಟಿನ್ ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ತರುತ್ತಾರೆ. ಪದರದ ಕೇಕ್ ಸರಿಯಾಗಿ ಬರಬೇಕಾದರೆ ಟಿನ್ ಸರಿ ಇರಬೇಕು.

ಒಂದರೊಳಗೊಂದು ಕೂರುವ ಮೂರು ಸೈಜಿನ ಸೆಟ್ ನೋಡಲು ಚಂದ, ರೇಟೂ ಕಡಿಮೆ ಅನ್ನಿಸುತ್ತದೆ. ಆದರೆ ಒಂದರ ಮೇಲೊಂದು ಪದರ ಇಡಲು ಸೆಟ್‌ನ ಮೂರು ಟಿನ್‌ನಲ್ಲಿ ಕೆಲಸಕ್ಕೆ ಬರುವುದು ಒಂದೇ! ನಮಗೆ ಬೇಕಾದ್ದು ಒಂದೇ ಅಳತೆಯ ಮೂರು. 6 ಅಥವಾ 7 ಇಂಚು ಅಗಲ, 2 ಇಂಚು ಎತ್ತರ, ಬದಿ ನೆಟ್ಟಗೆ, ದಪ್ಪ ಅಲ್ಯೂಮಿನಿಯಂ. ಬದಿ ಓರೆ ಇದ್ದರೆ ಪದರಗಳು ಕೂಡುವುದಿಲ್ಲ, ಸಂದು ಮುಚ್ಚಲು ಕ್ರೀಮ್ ದಂಡ. ಕಪ್ಪು ಬಣ್ಣದ ಟಿನ್‌ನಲ್ಲಿ ಅಂಚು ಬೇಗ ಕೆಂಪಾಗುತ್ತದೆ. ಕೊಳ್ಳುವ ಮೊದಲು ಓವನ್‌ನ ಒಳಗನ್ನು ನೂಲು ಹಿಡಿದು ಅಳೆಯಿರಿ. ಟಿನ್ ಸುತ್ತ ಎರಡು ಬೆರಳು ಜಾಗ ಉಳಿಯಬೇಕು.

ಎತ್ತರದ ಒಂದೇ ಟಿನ್‌ನಲ್ಲಿ ಬೇಯಿಸಿ ಕೊಯ್ದರೆ ಆಗುದಿಲ್ವಾ ಅಂತ ಕೇಳಬಹುದು. ಆಗುತ್ತದೆ, ಆದರೆ ಇಡ್ಲಿ ಹಿಟ್ಟನ್ನು ದೊಡ್ಡ ಪಾತ್ರೆಗೆ ತುಂಬಿ ಬೇಯಿಸಿದ ಹಾಗೆ: ಬದಿ ಬೆಂದರೂ ನಡು ಹಸಿ. ನಡು ಬೇಯುವಷ್ಟರಲ್ಲಿ ಬದಿ ಒಣಗಿ, ಮೇಲೆ ಗುಡ್ಡದ ಹಾಗೆ ಉಬ್ಬಿ ಒಡೆಯುತ್ತದೆ. ಆ ಗುಡ್ಡವನ್ನು ಕೊಯ್ದು ತೆಗೆದರೆ ಹೋಗುವುದು ನಿಮ್ಮದೇ ಮೊಟ್ಟೆ, ನಿಮ್ಮದೇ ಬೆಣ್ಣೆ. ತೆಳು ಪದರವಾದರೆ 175 ಡಿಗ್ರಿಯಲ್ಲಿ ಸುಮಾರು 20-25 ನಿಮಿಷ ಸಾಕು. ಗೋವಾದ ಬೆಬಿಂಕಾವನ್ನು ಒಂದೇ ಪಾತ್ರೆಯಲ್ಲಿ ಪದರದ ಮೇಲೆ ಪದರ ಹೊಯ್ದು ಮಾಡುತ್ತಾರೆ, ನಿಜ. ಅದಕ್ಕೆ ಮೇಲಿನಿಂದ ಕೆಂಡದ ಶಾಖ, ಹಿಟ್ಟೂ ಉಬ್ಬುವಂಥದ್ದಲ್ಲ. ಸ್ಪಂಜ್ ಕೇಕ್‌ಗೆ ಆ ಕ್ರಮ ನಡೆಯದು.

ಇನ್ನು ಲೆಕ್ಕ. 8 ಇಂಚಿಗೂ 6 ಇಂಚಿಗೂ ಎರಡೇ ಇಂಚು ವ್ಯತ್ಯಾಸ ಅಂತ ತಿಳಿಯಬೇಡಿ. 8ನ್ನು 8ರಿಂದ ಗುಣಿಸಿದರೆ 64, 6ನ್ನು 6ರಿಂದ ಗುಣಿಸಿದರೆ 36. ಅಂದರೆ 8 ಇಂಚಿನ ಒಂದು ಟಿನ್‌ನ ಹಿಟ್ಟು 6 ಇಂಚಿನ ಹತ್ತಿರ ಹತ್ತಿರ ಎರಡು ಟಿನ್‌ಗೆ ಬರುತ್ತದೆ. ಇದು ಗೊತ್ತಿಲ್ಲದೆ ಆರ್ಡರ್‌ಗೆ ರೇಟು ಹೇಳಿದರೆ ನಷ್ಟ ನಮಗೇ. ಹಿಟ್ಟನ್ನು ಕಣ್ಣಳತೆಯಲ್ಲಿ ಹಾಕದೆ ತೂಕ ಮಾಡಿ ಹಾಕಿ: 900 ಗ್ರಾಂ ಇದ್ದರೆ ಒಂದೊಂದಕ್ಕೆ 300. ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದರೆ ಸಾಕು.

ಈಗ ಒಂದೇ ಟಿನ್ ಇರುವವರು ಎಲ್ಲಾ ಹಿಟ್ಟನ್ನೂ ಒಟ್ಟಿಗೆ ಕಲಸಿ ಇಡಬೇಡಿ. ಕಾಯುತ್ತಾ ಕೂತರೆ ಬೇಕಿಂಗ್ ಪೌಡರ್‌ನ ಶಕ್ತಿ ಇಳಿದು ಎರಡನೇ ಪದರ ಚಪ್ಪಟೆಯಾಗುತ್ತದೆ. ಒಂದು ಬೆಂದ ಮೇಲೆ ಟಿನ್ ತಣಿಸಿ, ಇನ್ನೊಂದಕ್ಕೆ ಹೊಸದಾಗಿ ಕಲಸಿ.

ತಳಕ್ಕೆ ಬಟರ್ ಪೇಪರ್ ದುಂಡಗೆ ಕತ್ತರಿಸಿ ಹಾಕಿ. ಹಳೇ ನ್ಯೂಸ್ ಪೇಪರ್ ಬೇಡವೇ ಬೇಡ, ಶಾಯಿ ಕೇಕ್‌ಗೆ ಹತ್ತುತ್ತದೆ. ಬೆಂದ ಮೇಲೆ 10 ನಿಮಿಷ ಟಿನ್‌ನಲ್ಲೇ ಬಿಟ್ಟು, ಬದಿಗೆ ಚಾಕು ಆಡಿಸಿ ಜಾಲರಿಯ ಮೇಲೆ ಕವುಚಿ. ಪೂರ್ತಿ ತಣಿಯದೆ ಕ್ರೀಮ್ ಹಚ್ಚಿದರೆ ನಮ್ಮ ಕರಾವಳಿಯ ಸೆಕೆಗೆ ಅದು ಜಾರಿ ಕೆಳಗೆ!

ಅಲ್ಯೂಮಿನಿಯಂ ಟಿನ್ ತೊಳೆಯಲು ಸೋಡಾ ಹಾಕಿದರೆ ಕಪ್ಪಾಗುತ್ತದೆ. ಸಾಬೂನು, ಮೆತ್ತನೆ ನಾರು ಸಾಕು. ಕಬ್ಬಿಣದ ತಗಡಿನದ್ದಾದರೆ ಒರೆಸಿ, ಆರುತ್ತಿರುವ ಓವನ್‌ನಲ್ಲಿ ಐದು ನಿಮಿಷ ಇಟ್ಟು ಒಣಗಿಸಿ. ಇಲ್ಲಿನ ಉಪ್ಪುಗಾಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಒದ್ದೆ ತಗಡು ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.