ಬಿಡದ ಒಣಕೆಮ್ಮು: ಮೂಲವನ್ನು ಎಲ್ಲಿ ಅರಸಬೇಕು?

ದಿನಕ್ಕೆ ಹತ್ತು ಗಂಟೆ ಅಂಗಡಿಯಲ್ಲೋ ಯಂತ್ರದ ಬಳಿಯಲ್ಲೋ ಕಳೆಯುವ ನಮ್ಮ ವರ್ತಕ ಹಾಗೂ ಸಣ್ಣ ಉದ್ಯಮಿ ಬಂಧುಗಳು ಕೆಮ್ಮನ್ನು ರೋಗವೆಂದೇ ಪರಿಗಣಿಸುವುದಿಲ್ಲ. ಒಂದು ಸಿರಪ್ ಮುಗಿದೊಡನೆ ಮತ್ತೊಂದನ್ನು ತರಿಸುತ್ತಾರೆ. ತಾಳೆಯಾಗದ ಮೊತ್ತವನ್ನು ಅನಾಮತ್ತು ಖಾತೆಯಲ್ಲಿರಿಸಿ ಮುಂದಿನ ವರ್ಷಕ್ಕೆ ಸಾಗಿಸುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ವಯಸ್ಕರಲ್ಲಿ 8 ವಾರ ಮೀರಿದ ಕೆಮ್ಮನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕವೆಂದು ಕರೆಯುತ್ತದೆ. ಆದರೆ ಕ್ಷಯರೋಗ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ 2 ವಾರ ದಾಟಿದ ಕೆಮ್ಮಿಗೇ ಕ್ಷಯದ ಪರೀಕ್ಷೆ ಅವಶ್ಯಕ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ.

ಈ ಲೇಖಕನು ವೈದ್ಯನಲ್ಲ. ಆದರೆ ಲೆಕ್ಕದಲ್ಲಿ ವ್ಯತ್ಯಾಸ ಕಂಡಾಗ ಇತ್ತೀಚೆಗೆ ಸೇರಿದ ನಮೂದನ್ನು ಮೊದಲು ನೋಡುವುದು ನಮ್ಮ ವೃತ್ತಿಯ ರೂಢಿ. ಐವತ್ತು ದಾಟಿದವರ ಪಟ್ಟಿಯಲ್ಲಿ ಅಂತಹ ನಮೂದು ಬಹುಶಃ ರಕ್ತದೊತ್ತಡದ ಮಾತ್ರೆ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಮುಂತಾಗಿ ‘ಪ್ರಿಲ್’ ಎಂದು ಕೊನೆಗೊಳ್ಳುವ ಔಷಧಗಳು ಕೆಲವರಲ್ಲಿ ಗಂಟಲು ಕೆರೆಯುವ ಒಣಕೆಮ್ಮನ್ನು ಉಂಟುಮಾಡುತ್ತವೆ. ಮಾತ್ರೆ ಆರಂಭಿಸಿ ಕೆಲವು ತಿಂಗಳಾದ ಮೇಲೂ ಇದು ತೋರಬಹುದಾದ್ದರಿಂದ ಸಂಬಂಧವು ಸುಲಭವಾಗಿ ಹೊಳೆಯುವುದಿಲ್ಲ. ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಅಪಾಯಕರ. ವೈದ್ಯರು ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂತಹ ಬೇರೆ ಔಷಧಕ್ಕೆ ಬದಲಾಯಿಸಿದಲ್ಲಿ ಕೆಮ್ಮು ಸಾಮಾನ್ಯವಾಗಿ 1ರಿಂದ 4 ವಾರಗಳಲ್ಲಿ, ಕೆಲವರಲ್ಲಿ 3 ತಿಂಗಳವರೆಗೆ ಸಮಯ ತೆಗೆದುಕೊಂಡು, ಶಮನವಾಗುತ್ತದೆ.

ಮೂಗಿನ ಸ್ರಾವ ಗಂಟಲಿಗಿಳಿಯುವುದು, ಉಬ್ಬಸವಿಲ್ಲದೆ ಕೆಮ್ಮಾಗಿ ಮಾತ್ರ ತೋರುವ ಅಸ್ತಮಾ, ರಾತ್ರಿ ತಡವಾಗಿ ಉಂಡು ಕೂಡಲೇ ಮಲಗುವವರಿಗೆ ಜಠರದ ಆಮ್ಲ ಮೇಲೇರುವುದು, ಇವೂ ಸಾಮಾನ್ಯ ಕಾರಣಗಳು. ಬೀಡಿ ಸಿಗರೇಟಿನ ವಿಷಯ ಎಲ್ಲರೂ ಬಲ್ಲದ್ದೇ.

ವ್ಯಾಪಾರಸ್ಥರು ವೈದ್ಯರಿಗೆ ಹೇಳದೆ ಬಿಡುವ ಸಂಗತಿಯೆಂದರೆ ಧೂಳು. ಹತ್ತಿ ಹಿಂಜುವ ಹಾಗೂ ನೂಲುವ ಘಟಕಗಳಲ್ಲಿ ಬಿಸಿನೋಸಿಸ್ ಎಂಬ ರೋಗವುಂಟು. ವಾರದ ರಜೆ ಮುಗಿದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿದು ಕೆಮ್ಮು ಬರುವುದು, ಮರುದಿನಗಳಲ್ಲಿ ಇಳಿಯುವುದು ಇದರ ಆರಂಭದ ಲಕ್ಷಣ. ಈ ಹಂತದಲ್ಲಿ ಧೂಳಿನಿಂದ ದೂರವಾದರೆ ಚೇತರಿಕೆ ಸಾಧ್ಯ. ವರ್ಷಗಟ್ಟಲೆ ಕಡೆಗಣಿಸಿದರೆ ಶ್ವಾಸಕೋಶದ ಹಾನಿ ಶಾಶ್ವತವಾಗುತ್ತದೆ. ಹಿಟ್ಟಿನ ಗಿರಣಿ ಮತ್ತು ಬೇಕರಿಗಳಲ್ಲಿ ಹಿಟ್ಟಿನ ಧೂಳೇ ಅಸ್ತಮಾಕ್ಕೆ ಮೂಲವಾಗಬಹುದು. ಅಲ್ಲಿ ರಜೆಯ ದಿನಗಳಲ್ಲಿ ಕೆಮ್ಮು ತಗ್ಗುವುದೇ ಸುಳಿವು. ಇಳಕಲ್ಲಿನ ಗ್ರಾನೈಟ್‌ನಂತಹ ಕಲ್ಲನ್ನು ಕೊರೆಯುವಲ್ಲಿ ಏಳುವ ಸಿಲಿಕಾ ಧೂಳು ಇನ್ನೂ ಕ್ರೂರ. ಸಿಲಿಕೋಸಿಸ್‌ಗೆ ಗುಣಪಡಿಸುವ ಚಿಕಿತ್ಸೆಯಿಲ್ಲ, ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಲ್ಲದು, ಕ್ಷಯದ ಸಂಭವವನ್ನೂ ಹೆಚ್ಚಿಸುತ್ತದೆ. ಬಾಯಿಗೆ ಕಟ್ಟಿದ ಕರವಸ್ತ್ರ ಈ ಸೂಕ್ಷ್ಮ ಕಣಗಳನ್ನು ತಡೆಯಲಾರದು. ನೀರು ಹಾಯಿಸುತ್ತ ಕೊರೆಯುವುದು, ಧೂಳು ಏಳುವಲ್ಲಿಯೇ ಅದನ್ನು ಹೀರುವ ಯಂತ್ರ ಅಳವಡಿಸುವುದು ಪರಿಣಾಮಕಾರಿ.

ಬಿಸಿನೋಸಿಸ್ ಮತ್ತು ಸಿಲಿಕೋಸಿಸ್ ಎರಡೂ 1923ರ ಪರಿಹಾರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇವೆ. ಇಎಸ್‌ಐ ವ್ಯಾಪ್ತಿಗೆ ಒಳಪಡದ ಕಾರ್ಮಿಕನಿಗೆ ಪರಿಹಾರ ನೀಡುವ ಹೊಣೆ ಮಾಲೀಕನ ಮೇಲೆ ಬರಬಹುದು. ಸಣ್ಣ ಘಟಕಗಳಲ್ಲಿ ಮಾಲೀಕನೂ ಅದೇ ಗಾಳಿಯನ್ನು ಉಸಿರಾಡುತ್ತಾನೆಂಬುದು ಬೇರೆ ಮಾತು. ಹೀರುವ ಯಂತ್ರದ ವೆಚ್ಚವನ್ನು ಬಂಡವಾಳ ವೆಚ್ಚವಾಗಿ ದಾಖಲಿಸಿ ಸವಕಳಿ ಪಡೆಯಲು ಅವಕಾಶವಿದೆ. ಬಿಲ್ಲು ಸಂಸ್ಥೆಯ ಹೆಸರಿನಲ್ಲಿರಲಿ.

ವೈದ್ಯರಲ್ಲಿಗೆ ಹೋಗುವಾಗ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಗಳನ್ನೆಲ್ಲ ಜೊತೆಗೊಯ್ಯಿರಿ. ಉದ್ಯೋಗ ಯಾವುದು, ಯಾವ ಧೂಳು, ಎಷ್ಟು ವರ್ಷ, ರಜೆಯಲ್ಲಿ ಕೆಮ್ಮು ಇಳಿಯುವುದೇ ಎಂಬುದನ್ನು ತಿಳಿಸಿರಿ. ಕಫದಲ್ಲಿ ರಕ್ತ, ತೂಕ ಇಳಿಕೆ, ಸಂಜೆಯ ಜ್ವರ ಅಥವಾ ಏದುಸಿರು ಕಂಡರೆ ಎಂಟು ವಾರ ಕಾಯುವಂತಿಲ್ಲ. ಅದೇ ದಿನ ಹೋಗಬೇಕು.