ಕಾಲ್ಬೆರಳಿನ ಕೀಲು ತಪ್ಪಿದಾಗ

ಕಬಡ್ಡಿ ಆಡುವಾಗ ಗೆಳೆಯನೊಬ್ಬನ ಕಾಲ್ಬೆರಳು ಎಡವಿ ಸೊಟ್ಟಗೆ ತಿರುಗಿತು. "ಹಿಡಿದು ಎಳೆ, ಸರಿಹೋಗುತ್ತದೆ" ಎಂದರು ನೆರೆದವರು, ನಾನು ಎಳೆದೆ. ಆತ ಚೀರಿದ. ಮರುದಿನ ಎಕ್ಸ್‌ರೇಯಲ್ಲಿ ನೋಡಿದರೆ ಕೀಲು ತಪ್ಪಿದುದಲ್ಲದೆ ಮೂಳೆಯೂ ಮುರಿದಿತ್ತು. ನನ್ನ ಈ ತಪ್ಪನ್ನು ಇತರರು ಮಾಡಬಾರದೆಂದೇ ಈ ಲೇಖನ.

ಸಾಮಾನ್ಯವಾಗಿ ಒಂದು ಪಾದದ ಬೆರಳುಗಳಲ್ಲಿ 14 ಮೂಳೆಗಳಿರುತ್ತವೆ: ಹೆಬ್ಬೆರಳಿಗೆ 2, ಉಳಿದವಕ್ಕೆ ತಲಾ 3. ಮೂಳೆಗೆ ಮೂಳೆ ಕೂಡುವೆಡೆಯೇ ಕೀಲು. ನಾರಿನಂತಹ ಅಸ್ಥಿರಜ್ಜುಗಳು ಅದನ್ನು ಬಿಗಿದು ಹಿಡಿದಿರುತ್ತವೆ. ರಜ್ಜು ಹಿಗ್ಗಿದರೆ ಅಥವಾ ಹರಿದರೆ ಉಳುಕು. ಮೂಳೆ ಒಡೆದರೆ ಮುರಿತ. ಮೂಳೆಯ ತುದಿ ನೆಲೆಯಿಂದ ಜಾರಿದರೆ ಕೀಲು ತಪ್ಪುವುದು. ಮೂರರಲ್ಲಿಯೂ ನೋವು, ಬಾವುಗಳುಂಟು. ಬೆರಳು ವಕ್ರವಾಗಿ, ಅಲುಗಿಸಲಾಗದಂತೆ ನಿಂತರೆ ಕೀಲು ತಪ್ಪಿರಬಹುದು. ಜೊತೆಗೆ ಮೂಳೆ ಮುರಿದಿದೆಯೇ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಅದಕ್ಕೆ ಎಕ್ಸ್‌ರೇ ಅಗತ್ಯ.

ಹೆಬ್ಬೆರಳಿನ ಬುಡದಲ್ಲಿ ಇನ್ನೊಂದು ತೊಡಕುಂಟು. ಆ ಕೀಲಿನ ಅಡಿಯ ದಪ್ಪ ನಾರುಪಟ್ಟಿಯು ಕೆಲವೊಮ್ಮೆ ಜಾರಿದ ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಎಷ್ಟು ಎಳೆದರೂ ಕೀಲು ಕೂಡದು, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಹಾಗಾದರೆ ನಾವು ಮಾಡಬೇಕಾದುದೇನು? ಗಾಯಗೊಂಡವರನ್ನು ನಡೆಸದೆ ಕೂರಿಸಿ, ಕಾಲನ್ನು ಎತ್ತರದಲ್ಲಿಡಬೇಕು. ಬಾವು ಏರುವ ಮುನ್ನವೇ ಕಾಲುಂಗುರವಿದ್ದರೆ ತೆಗೆಯಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಡಬಹುದು. ಎಣ್ಣೆ ಹಚ್ಚಿ ತಿಕ್ಕಬಾರದು. ಬೆರಳನ್ನು ಇದ್ದಂತೆಯೇ ಹತ್ತಿಯಿಟ್ಟು ಅಲುಗದಂತೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆರಳು ಬಿಳಿಚಿದರೆ, ನೀಲಿಗಟ್ಟಿದರೆ, ಮರಗಟ್ಟಿದರೆ ಅಥವಾ ಚರ್ಮ ಸೀಳಿದ್ದರೆ ಕ್ಷಣವೂ ತಡಮಾಡಬಾರದು. ಗಾಯವಿದ್ದಾಗ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನೂ ವೈದ್ಯರಲ್ಲಿ ಕೇಳಬೇಕು.

ವೈದ್ಯರೂ ಎಳೆದೇ ಕೂಡಿಸುತ್ತಾರೆ, ನಿಜ. ಆದರೆ ಮೊದಲು ಎಕ್ಸ್‌ರೇ ನೋಡಿ, ಬೆರಳಿಗೆ ಮರವಿನ ಮದ್ದು ಚುಚ್ಚಿ, ಆಮೇಲೆ ಕೀಲನ್ನು ಕೂಡಿಸುತ್ತಾರೆ; ಸರಿಯಾಗಿ ಕೂಡಿತೇ ಎಂದು ಮತ್ತೆ ಪರೀಕ್ಷಿಸುತ್ತಾರೆ. ಬಳಿಕ ನಡುವೆ ಹತ್ತಿಯಿಟ್ಟು, ಪಕ್ಕದ ಬೆರಳಿಗೆ ಜೋಡಿಸಿ ಪಟ್ಟಿ ಕಟ್ಟುವುದುಂಟು.

ನೋವು ಬೇಗ ತಗ್ಗಿದರೂ ರಜ್ಜುಗಳು ಮಾಗಲು ಕೆಲವು ವಾರಗಳು ಬೇಕು. ಪಂದ್ಯವಿದೆಯೆಂದು ಆತುರದಿಂದ ಅಂಗಳಕ್ಕಿಳಿದರೆ ಕೀಲು ಮತ್ತೆ ಜಾರೀತು. ಎಡವಿದ ಕಾಲೇ ಎಡವುವುದೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಗೆಳೆಯನ ಮೇಲಿನ ಮಮತೆಯಿಂದಲೇ ನಾನು ಅಂದು ಕೈಹಾಕಿದೆ. ಅರಿವಿದ್ದಿದ್ದರೆ ಅದೇ ಮಮತೆಯಿಂದ ಕೈಕಟ್ಟಿ ನಿಲ್ಲುತ್ತಿದ್ದೆ.